ಲಿನಕ್ಸ್ ಕಲಿತ ನಮ್ಮ ಗುಮಾಸ್ತರು

ಯಾರದಾದರೂ ಕಂಪ್ಯೂಟರ್ ರಿಪೇರಿಗೆ ಒಂದು ಸಲ ಕೈ ಹಾಕಿದಿರೋ, ಮುಗಿಯಿತು. ಆಮೇಲೆ ಅದರಲ್ಲಿ ಏನೇ ಆದರೂ ನೀವೇ ಕಾರಣ, ಮತ್ತು ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಮಾರನಹಳ್ಳಿ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಮ್ಮ ಆಫೀಸಿನ ಕಂಪ್ಯೂಟರ್ ಎಷ್ಟು ಹಳೆಯದೆಂದರೆ, ಬೆಳಿಗ್ಗೆ ಆನ್ ಮಾಡಿದರೆ ಪ್ರಾರ್ಥನೆ, ಹಾಜರಿ ಎರಡೂ ಮುಗಿದ ಮೇಲೆ ಏಳುತ್ತಿತ್ತು. ಹೊಸದು ಕೇಳಿ ಕೇಳಿ ಸಾಕಾಗಿ, ಒಂದು ಶನಿವಾರ ನಾನೇ ಹಳೇ ಸಿಸ್ಟಮ್ ತೆಗೆದು, ಪುಕ್ಕಟೆ ಸಿಗುವ, ಹಳೇ ಯಂತ್ರದಲ್ಲೂ ಚುರುಕಾಗಿ ಓಡುವ ಲಿನಕ್ಸ್ ಎಂಬ ಬೇರೆ ಸಿಸ್ಟಮ್ ಹಾಕಿದೆ. ಕಂಪ್ಯೂಟರ್ ಎರಡು ನಿಮಿಷಕ್ಕೇ ಏಳತೊಡಗಿತು. ಆದರೆ ಅದನ್ನು ದಿನಾ ಬಳಸಬೇಕಾದವರು ನಮ್ಮ ಗುಮಾಸ್ತರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಮನುಷ್ಯ. ಅವರನ್ನು ನಾನು ಒಂದು ಮಾತೂ ಕೇಳಿರಲಿಲ್ಲ.

ಖಾಲಿ ಮೂಲೆ

ಸೋಮವಾರ ಮಧ್ಯಾಹ್ನದವರೆಗೂ ಗುಮಾಸ್ತರು ಪರದೆಯ ಮುಂದೆ ಕೈಕಟ್ಟಿ ಕೂತಿದ್ದರು. ನನ್ನನ್ನು ಬೈಯಲಿಲ್ಲ, ಹೆಡ್‌ಮೇಡಂಗೆ ದೂರು ಹೇಳಲಿಲ್ಲ. ಊಟದ ಬೆಲ್ ಆದ ಮೇಲೆ ನನ್ನ ಹತ್ತಿರ ಬಂದು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, “ಮೇಷ್ಟ್ರೇ, ಎಡಗಡೆ ಕೆಳಗಿನ ಮೂಲೇಲಿ ಏನೂ ಇಲ್ಲ” ಅಂದರು.

ಇಪ್ಪತ್ತು ವರ್ಷ ಅವರ ದಿನ ಶುರುವಾಗುತ್ತಿದ್ದದ್ದೇ ಆ ಮೂಲೆಯ ಸ್ಟಾರ್ಟ್ ಬಟನ್ನಿನಿಂದ. ಇದರಲ್ಲಿ ಅದು ಮೇಲಿನ ಮೂಲೆಯಲ್ಲಿ ಇದೆ ಎಂದು ತೋರಿಸಿದೆ. ತಲೆಯಾಡಿಸಿ ಹೋದರು. ಮರುದಿನ ನೋಡಿದರೆ ಮಾನಿಟರಿನ ಕೆಳಗಿನ ಮೂಲೆಗೆ ಒಂದು ಚೀಟಿ ಅಂಟಿಸಿತ್ತು. ಅವರದೇ ದುಂಡನೆಯ ಅಕ್ಷರ: “ಸ್ಟಾರ್ಟ್ ಬಟನ್ ಮೇಲಿನ ಮೂಲೆಗೆ ಸ್ಥಳಾಂತರಗೊಂಡಿದೆ. ಎಂದಿನಂತೆ ಸಹಕರಿಸಬೇಕಾಗಿ ವಿನಂತಿ.”

ಈ ಕಂಪ್ಯೂಟರನ್ನು ನೀವು ಬಿಟ್ಟರೆ ಬೇರೆ ಯಾರೂ ಮುಟ್ಟುವುದಿಲ್ಲವಲ್ಲ, ಚೀಟಿ ಯಾರಿಗೆ ಎಂದು ಕೇಳಿದೆ.

“ನನ್ನ ಬಲಗೈಗೆ” ಅಂದರು. “ನನಗೆ ಗೊತ್ತಾಯ್ತು, ಅದಕ್ಕಿನ್ನೂ ಗೊತ್ತಾಗಿಲ್ಲ.”

ಕಾಣದ ಪಾಸ್‌ವರ್ಡ್

ಪ್ರಿಂಟರ್ ಜೋಡಿಸಲು ಕಪ್ಪು ಪರದೆಯೊಂದನ್ನು ತೆರೆದು, ಒಂದು ಸಾಲು ಟೈಪ್ ಮಾಡಿ, ಪಾಸ್‌ವರ್ಡ್ ಕೊಡಬೇಕಿತ್ತು. ಎಲ್ಲವನ್ನೂ ಕಾಗದದಲ್ಲಿ ಬರೆದುಕೊಟ್ಟು ನಾನು ಎಂಟನೇ ಕ್ಲಾಸಿಗೆ ಹೋದೆ. ಆ ಪರದೆಯಲ್ಲಿ ಪಾಸ್‌ವರ್ಡ್ ಒತ್ತಿದರೆ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಕಾಣುವುದಿಲ್ಲ. ಅದೊಂದನ್ನು ಹೇಳಲು ಮರೆತಿದ್ದೆ.

ಪಾಠ ಮುಗಿಸಿ ಬಂದರೆ ಗುಮಾಸ್ತರ ಕೀಬೋರ್ಡ್ ಬೋರಲಾಗಿ ಬಿದ್ದಿತ್ತು. ಹೆಡ್‌ಮೇಡಂ ಕೋಣೆಯ ಕೀಬೋರ್ಡ್ ಬಂದು ಅದೂ ಪಕ್ಕಕ್ಕೆ ಸರಿದಿತ್ತು. ಲ್ಯಾಬಿನ ಕೀಬೋರ್ಡಿನ ಮೇಲೆ ಗುಮಾಸ್ತರು ಒಂದೊಂದೇ ಬೆರಳಲ್ಲಿ, ಗೋಡೆಗೆ ಮೊಳೆ ಹೊಡೆಯುವಂತೆ ಹೊಡೆಯುತ್ತಿದ್ದರು. “ಮೂರೂ ಸತ್ತೋಗ್ಬುಟ್ಟವೆ ಕಣ್ರೀ” ಅಂದರು.

ಯಾವುದೂ ಸತ್ತಿಲ್ಲ, ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇವೆ ಅನ್ನುವುದೂ ತಿಳಿಯಬಾರದೆಂದು ಅದು ಏನನ್ನೂ ತೋರಿಸುವುದಿಲ್ಲ ಎಂದು ವಿವರಿಸಿದೆ. ಗುಮಾಸ್ತರು ಪರದೆಯನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು.

“ಕೇಳಿಸ್ಕೊಂಡು, ಎಷ್ಟು ಕೇಳಿಸ್ಕೊಂಡೆ ಅಂತಾನೂ ತೋರಿಸ್ಕೊಳಲ್ಲ” ಅಂದರು. “ನಮ್ಮ ಸ್ಟಾಫ್ ರೂಮಿನಾಗೆ ಇಂಥವರು ಒಬ್ಬರೂ ಇಲ್ಲ.”

ಬಸ್ಸಿನಲ್ಲಿ ಸಂಗೀತ

ಹೊಸ ಸಿಸ್ಟಮಿನ ಕನ್ನಡ ಕೀಲಿಮಣೆಯಲ್ಲಿ ಅಕ್ಷರಗಳ ಜಾಗವೇ ಬೇರೆ. ಹಳೆಯ ಜೋಡಣೆಯನ್ನೇ ತಂದುಕೊಡುತ್ತೇನೆ ಎಂದೆ. ಗುಮಾಸ್ತರು ಬೇಡ ಅಂದುಬಿಟ್ಟರು. ಮಕ್ಕಳು ಪ್ರತಿ ವರ್ಷ ಹೊಸ ಪುಸ್ತಕ ಓದುತ್ತಾರೆ, ತಾನೊಬ್ಬ ಹಳೆಯದರಲ್ಲೇ ಪಾಸಾಗುವುದು ಯಾವ ನ್ಯಾಯ ಎಂದು ಅವರ ವಾದ.

ಕ್ಯಾಲೆಂಡರಿನ ಹಿಂಬದಿಯಲ್ಲಿ ಕೀಲಿಮಣೆ ಬರೆದುಕೊಂಡು, ದಿನಾ ಆಲೂರಿನಿಂದ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಹರಡಿ ಅಭ್ಯಾಸ ಮಾಡತೊಡಗಿದರು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ, ಹತ್ತು ಬೆರಳೂ ಓಡಿಸುತ್ತಿದ್ದರು. ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಅವರ ಪಕ್ಕ ಕೂತಿದ್ದ ಹೆಂಗಸು ಬಹಳ ಹೊತ್ತು ನೋಡಿ, ಹಾರ್ಮೋನಿಯಂ ಕಲಿಯುತ್ತಿದ್ದೀರಾ, ಎಲ್ಲಿವರೆಗೆ ಬಂತು ಎಂದು ಕೇಳಿದರು.

ಗುಮಾಸ್ತರು ಕಣ್ಣು ಬಿಡದೆ ಹೇಳಿದರು: “ಸರಾಗವಾಗಿ ಬರ್ತೈತೆ ಕಣಮ್ಮ. ಬಸ್ಸು ಗುಂಡಿಗೆ ಇಳಿದಾಗ ಮಾತ್ರ ಒತ್ತಕ್ಷರ ತಪ್ಪುತ್ತೆ.”

ಒಂದೂವರೆ ತಿಂಗಳಿಗೆ ಅವರ ಟೈಪಿಂಗ್ ಮೊದಲಿಗಿಂತ ಚುರುಕಾಯಿತು. ನಾನು ಇವತ್ತಿಗೂ ಎರಡೇ ಬೆರಳು.

ವೈರಸ್ ವೈದ್ಯರು

ಹತ್ತನೇ ತರಗತಿಯ ಪರೀಕ್ಷೆಗೆ ಕೂರುವ ಮಕ್ಕಳ ಹೆಸರು ಕಳಿಸಲು ಅದು ಕೊನೆಯ ದಿನ. ಸಂಜೆ ಐದಕ್ಕೆ ಪರೀಕ್ಷಾ ಮಂಡಳಿಯ ವೆಬ್‌ಸೈಟ್ ಬಾಗಿಲು ಮುಚ್ಚುತ್ತದೆ. ಮೂರೂವರೆಗೆ ಬಿಸಿಲೆ ಕಡೆಯ ಶಾಲೆಯೊಂದರ ಗುಮಾಸ್ತೆ ಬಾಡಿಗೆ ಜೀಪಿನಲ್ಲಿ ಬಂದಿಳಿದರು. ಅವರಲ್ಲಿ ಕರೆಂಟಿಲ್ಲ, ಪಟ್ಟಿ ಪೆನ್‌ಡ್ರೈವಿನಲ್ಲಿದೆ. ಆದರೆ ದಾರಿಯಲ್ಲಿ ಎರಡು ಕಡೆ ಹಾಕಿ ನೋಡಿದರೆ ಅದರೊಳಗೆ ಏನೂ ಇಲ್ಲ, ವೈರಸ್ ತಿಂದುಹಾಕಿದೆ ಎಂದು ಅಲ್ಲಿಯವರು ಹೇಳಿದರಂತೆ. ಮತ್ತೆ ಟೈಪ್ ಮಾಡಲು ಹೊತ್ತಿಲ್ಲ. ಹೇಳುತ್ತಾ ಹೇಳುತ್ತಾ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

ನಮ್ಮ ಗುಮಾಸ್ತರು ಮೊದಲು ಅವರಿಗೆ ಕುರ್ಚಿ ಹಾಕಿದರು, ಆಮೇಲೆ ಪೆನ್‌ಡ್ರೈವ್ ಹಾಕಿದರು. ಫೈಲುಗಳೆಲ್ಲ ಸಾಲಾಗಿ ಕಂಡವು. ವೈರಸ್ ಅವುಗಳನ್ನು ತಿಂದಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ. ಅದರ ಕಣ್ಕಟ್ಟು ಲಿನಕ್ಸಿನ ಮುಂದೆ ನಡೆಯಲಿಲ್ಲ. ಗುಮಾಸ್ತರು ಅವಸರ ಮಾಡದೆ ಒಂದೊಂದು ಮಗುವಿನ ಹೆಸರನ್ನೂ ಆಕೆಗೆ ಓದಿ ಹೇಳಿ, ಸರಿ ಅನ್ನಿಸಿಕೊಂಡು, ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿಕೊಟ್ಟರು. ಆಕೆ ಕಣ್ಣೊರೆಸಿಕೊಂಡು ಕೈಮುಗಿದರು. ಗುಮಾಸ್ತರನ್ನು ಒಂದು ಮಾತೂ ಕೇಳದೆ ಅವರ ಕಂಪ್ಯೂಟರ್ ಬದಲಾಯಿಸಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಆಕೆ ಈ ಸುದ್ದಿಯನ್ನು ದಾರಿಯುದ್ದಕ್ಕೂ ಹಂಚಿದರು. ವಾರದೊಳಗೆ, ಮಾರನಹಳ್ಳಿ ಶಾಲೆಯ ಗುಮಾಸ್ತರು ಎಂಥಾ ವೈರಸ್ ಇದ್ದರೂ ತೆಗೆಯುತ್ತಾರಂತೆ ಎಂದು ಊರೂರಲ್ಲಿ ಮಾತಾಯಿತು.

ಮುಂದಿನ ಸೋಮವಾರ ತೋಟದ ಯಜಮಾನರೊಬ್ಬರು ಹುಡುಕಿಕೊಂಡು ಬಂದರು. ಅವರ ಮೆಣಸಿನ ಬಳ್ಳಿಯ ಎಲೆಗಳೆಲ್ಲ ಮುರುಟಿಕೊಂಡು ಹಳದಿಯಾಗಿವೆಯಂತೆ, ನೋಡಿದವರು ವೈರಸ್ ಅಂದರಂತೆ. ಇಲ್ಲಿ ನೋಡುವುದು ಕಂಪ್ಯೂಟರಿನ ವೈರಸ್ ಮಾತ್ರ ಎಂದು ನಾನು ಬಿಡಿಸಿ ಹೇಳಲು ಹೊರಟೆ.

“ಅಷ್ಟು ಗೊತ್ತಾಗಲ್ವಾ ಮೇಷ್ಟ್ರೇ” ಎಂದು ಅವರು ಜೇಬಿಗೆ ಕೈ ಹಾಕಿದರು. “ಅದಕ್ಕೇ ಬಳ್ಳಿ ತಂದಿಲ್ಲ. ಸಕಲೇಶಪುರದ ಸ್ಟುಡಿಯೋದಾಗೆ ಎಲೆ ಫೋಟೋ ತೆಗೆಸಿ, ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬಂದೀನಿ.”

ಗುಮಾಸ್ತರು ನಗಲಿಲ್ಲ. ಪೆನ್‌ಡ್ರೈವ್ ಹಾಕಿ, ಕನ್ನಡಕ ಏರಿಸಿ, ಫೋಟೋಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೆಣಸಿನ ರೋಗ ನೋಡುವ ಕೃಷಿ ಅಧಿಕಾರಿ ಎಲ್ಲಿ ಸಿಗುತ್ತಾರೆಂದು ಚೀಟಿಯಲ್ಲಿ ಬರೆದು, ಪೆನ್‌ಡ್ರೈವಿನ ಜೊತೆಗೆ ಯಜಮಾನರ ಕೈಗಿಟ್ಟರು.

“ಪೆನ್‌ಡ್ರೈವ್ ಆರೋಗ್ಯವಾಗೈತೆ ಯಜಮಾನ್ರೇ” ಅಂದರು. “ಬಳ್ಳಿಗೆ ಮಾತ್ರ ವೈರಸ್ ಐತೆ.”