ಸೀಸ ಬಿಡದ ಸೊಪ್ಪು

ರಸಾಯನಶಾಸ್ತ್ರದ ಮೇಷ್ಟ್ರು ನಿವೃತ್ತರಾದವರೇ ಹಿತ್ತಲಲ್ಲಿ ಪಾಲಕ್ ಸೊಪ್ಪು ಬೆಳೆದರು. ಬೆಳೆದರೆಂದರೆ ಅಂತಿಂಥದ್ದಲ್ಲ, ಒಂದೊಂದು ಎಲೆಯೂ ಆನೆಕಿವಿ! ಆದರೆ ಹೆಂಡತಿ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸಲಿಲ್ಲ. ಆ ಜಾಗದಲ್ಲಿ ಹಿಂದೆ ಹಳೇ ಬ್ಯಾಟರಿ ಬಿಚ್ಚುವ ಅಂಗಡಿಯಿತ್ತು. ಮಣ್ಣು ಪರೀಕ್ಷೆ ಮಾಡಿಸಿದರೆ ಸೀಸ. ಎಲೆ ಪರೀಕ್ಷೆ ಮಾಡಿಸಿದರೆ ಅಲ್ಲೂ ಸೀಸ.

“ಇದನ್ನ ತಿಂದ್ರೆ ನಾವೇ ಬ್ಯಾಟರಿ ಆಗ್ತೀವಿ. ಸಿಮೆಂಟ್ ಹಾಕ್ಸಿಬಿಡಿ, ಬಟ್ಟೆನಾದ್ರೂ ಒಣಗಿಸ್ತೀನಿ.”

“ಸಿಮೆಂಟಾ! ಮಣ್ಣಿಗೆ ಕಾಯಿಲೆ ಕಣೆ, ಮದ್ದು ಕೊಟ್ರಾಯ್ತು. ಸುಣ್ಣ ಹಾಕಿದ್ರೆ ಹುಳಿ ಇಳಿಯುತ್ತೆ. ಗೊಬ್ಬರ, ಇದ್ದಿಲಪುಡಿ ಸೀಸನ ಗಟ್ಟಿಯಾಗಿ ಹಿಡ್ಕೊಳುತ್ತೆ. ಬೇರಿನ ಕೈಗೇ ಸಿಗಲ್ಲ.”

“ಸರಿ, ಇನ್ನೊಂದೇ ಬೆಳೆ. ಆಮೇಲೂ ಸೀಸ ಇತ್ತೋ, ಗಾರೆಯವರನ್ನ ನಾನೇ ಕರೀತೀನಿ.”

ಅಂದಿನಿಂದ ಮೇಷ್ಟ್ರ ಮಾನಪ್ರಾಣಗಳೆರಡೂ ಆ ಅಂಗೈಯಗಲ ನೆಲದಲ್ಲಿ ನೆಟ್ಟವು. ಸುಣ್ಣ ಬಂತು, ಗೊಬ್ಬರ ಬಂತು. ಅಂಗಡಿಯ ಇದ್ದಿಲನ್ನು ಮಾತ್ರ ಮೇಷ್ಟ್ರು ನಂಬಲಿಲ್ಲ (ತಮ್ಮನ್ನು ಬಿಟ್ಟು ಅವರು ಯಾರನ್ನೂ ನಂಬಿದವರಲ್ಲ). ಅಟ್ಟದ ಮೇಲಿದ್ದ ಹಳೇ ಕಿಟಕಿ ಚೌಕಟ್ಟುಗಳನ್ನು ಮುರಿದು, ತಗಡಿನ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು ತಾವೇ ಸುಟ್ಟರು. ಮಸಿ ಮೆತ್ತಿದ ಮೋರೆಯಲ್ಲಿ ಒಳಗೆ ಬಂದಾಗ ಹೆಂಡತಿ, “ಯಾರು ಬೇಕಿತ್ತು?” ಎಂದರು.

ಹೊಸ ಸೊಪ್ಪು ಬಂತು, ಎಲೆ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿದ್ದವನು ಮೇಷ್ಟ್ರ ಹಳೇ ಶಿಷ್ಯ. ಅವನ ಫೋನು ಬಂದೊಡನೆ ಮೇಷ್ಟ್ರು ಹೆಂಡತಿಯನ್ನು ಕೂಗಿ ಕರೆದು ಸ್ಪೀಕರ್ ಹಾಕಿದರು. ಹೊಗಳಿಕೆಗೆ ಸಾಕ್ಷಿ ಬೇಡವೇ?

“ಸಾರ್, ಸೀಸ ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ! ಮಣ್ಣಿಗೆ ಏನು ಹಾಕಿದ್ರಿ?”

“ಸುಣ್ಣ, ಗೊಬ್ಬರ, ಇದ್ದಿಲು. ಇದ್ದಿಲು ನಾನೇ ಸುಟ್ಟಿದ್ದು. ಹಳೇ ಕಿಟಕಿ ಮರ.”

“ಅದಕ್ಕೆ ಬಣ್ಣ ಇತ್ತಾ ಸಾರ್?”

ಮೇಷ್ಟ್ರು ಸ್ಪೀಕರ್ ಆರಿಸಲು ಗುಂಡಿ ತಡಕಿದರು. ಹೆಂಡತಿಯೇ ಉತ್ತರಿಸಿದರು. “ಇತ್ತಪ್ಪ, ಪದರ ಪದರ. ನಮ್ಮ ಮಾವನವರ ಕಾಲದ್ದು.”

“ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಅಂತ ನೀವೇ ಪಾಠ ಮಾಡಿದ್ರಿ ಸಾರ್. ನಾನು ಪರೀಕ್ಷೇಲಿ ಅದನ್ನ ಮರೆತೆ ಅಂತ ಬೆಂಚ್ ಮೇಲೆ ನಿಲ್ಲಿಸಿದ್ರಿ.”

ಫೋನು ಇಟ್ಟದ್ದಾಯಿತು. ಹೆಂಡತಿ ಬಯ್ಯಲಿಲ್ಲ, ನಗಲೂ ಇಲ್ಲ. ಒಂದು ಕುರ್ಚಿ ಎಳೆದು ತಂದು ಗಂಡನ ಮುಂದಿಟ್ಟರು. ಎಷ್ಟಾದರೂ ಕಟ್ಟಿಕೊಂಡವಳು, ಕರುಳು ಚುರುಕ್ ಎಂದಿರಬೇಕು ಎಂದುಕೊಂಡ ಮೇಷ್ಟ್ರು ಕೂರಲು ಬಗ್ಗಿದರು.

“ಕೂರೋಕಲ್ಲ, ಹತ್ತಿ,” ಎಂದರು ಹೆಂಡತಿ. “ಗಾರೆಯವರು ಬರೋ ತನಕ ಅಲ್ಲೇ ನಿಂತಿರಿ.”