ನಮ್ಮ ಕಸದ ಬೆಳಕು

ಕಸ ಸುಟ್ಟು ಕರೆಂಟು ಮಾಡುವ ಕೆಲಸದಲ್ಲಿ ನಗದೆ ಕಳೆದ ಒಂದು ವಾರವೂ ನನಗೆ ನೆನಪಿಲ್ಲ. ನಿಜಾಮರ ರಾಜ್ಯದ ಕೊನೆಯ ವರ್ಷಗಳು. ಯುದ್ಧದಿಂದಾಗಿ ಕಲ್ಲಿದ್ದಲು ಸಿಗುತ್ತಿರಲಿಲ್ಲ. ಯಾದಗಿರಿಯ ನಮ್ಮ ಹತ್ತಿ ಮಿಲ್ಲಿನ ಸೇಠರು ಊರ ಕಸವನ್ನೇ ಬಾಯ್ಲರಿಗೆ ಹಾಕಿಸತೊಡಗಿದರು. ನೀರು ಕುದಿದು ಹಬೆಯಾಗಿ, ಹಬೆ ಎಂಜಿನ್ ತಿರುಗಿಸಿ, ಎಂಜಿನ್ ಡೈನಮೊ ತಿರುಗಿಸಿ, ಮಿಲ್ಲಿಗೂ ಎದುರಿನ ತಹಶೀಲ್ ಕಚೇರಿಗೂ ದೀಪ ಹತ್ತುತ್ತಿತ್ತು. ಭಟ್ಟಿಗೆ ಕಸ ತಳ್ಳುವವನು ನಾನು.

ಅಜ್ಜಿಯ ಪಾಲು

ಒಂದು ದಿನ ಕಸದ ಬಂಡಿಯ ಹಿಂದೆಯೇ ಒಬ್ಬ ಅಜ್ಜಿ ನಡೆದು ಬಂದಳು.

"ಇದರಾಗ ನಮ್ಮನಿ ಕಸಾನೂ ಐತೇನಪಾ?"

"ಐತಿ ಆಯಿ."

"ಅದರಿಂದ ದೀಪ ಹತ್ತತೈತಿ?"

"ಹೌದು." ಸೇಠರ ಕೋಣೆಯ ಬಲ್ಬು ತೋರಿಸಿದೆ.

ಮರುದಿನ ಸಂಜೆ ಅಜ್ಜಿ ಮೊರದ ತುಂಬ ತೊಗರಿಬೇಳೆ ತಂದು, ಆ ಬಲ್ಬಿನ ಕೆಳಗೇ ಕೂತು ಕಲ್ಲು-ಹಳ್ಳು ಆರಿಸತೊಡಗಿದಳು. ಸೇಠರು ಗಾಬರಿಯಾಗಿ, "ಏನು ಆಯಿ ಇದು?" ಎಂದರು.

"ನಮ್ಮ ಕಸದ ಬೆಳಕಪಾ. ನೀ ನಿನ್ನ ಕೆಲಸ ಮಾಡಕೋ."

ಮರುಗಿದ ಸಾಹೇಬರು

ಕಿರಾಣಿ ಅಂಗಡಿಯವನೊಬ್ಬ ಬೂಷ್ಟು ಹಿಡಿದ ಮೆಣಸಿನಕಾಯಿಯ ಚೀಲವನ್ನೇ ಕಸಕ್ಕೆ ಎಸೆದಿದ್ದ. ನಾನು ನೋಡದೆ ಭಟ್ಟಿಗೆ ತಳ್ಳಿದೆ. ಹೊಗೆಯೆಲ್ಲ ಎದುರಿನ ತಹಶೀಲ್ ಕಚೇರಿಗೆ ನುಗ್ಗಿತು. ಇವತ್ತು ನನ್ನ ನೌಕರಿ ಹೋಯಿತು ಅಂದುಕೊಂಡು, ಕ್ಷಮೆ ಕೇಳಲು ಓಡಿದೆ. ಬಾಗಿಲಲ್ಲಿ ಮುದನಾಳದ ರೈತನೊಬ್ಬ ಎದುರಾದ. ಅವನ ಕಣ್ಣೂ ಒದ್ದೆ.

"ನನ್ನ ಅರ್ಜಿ ಓದಿಸ್ಕೊಂತ ಸಾಹೇಬ್ರು ಅತ್ತಬಿಟ್ರಪಾ" ಎಂದ. "ಗುಮಾಸ್ತರೂ ಅತ್ರು. ಬಾಗಿಲು ಕಾಯೋ ಪಟ್ಟೇವಾಲಾನೂ ಅತ್ತ. ನನ್ನ ಹೊಲದ ಬದುವಿನ ಜಗಳ ಇಷ್ಟು ದೊಡ್ಡದಂತ ನನಗಽ ಗೊತ್ತಿರಲಿಲ್ಲ."

ವರಪರೀಕ್ಷೆ

ನನಗೆ ಬಳಿಚಕ್ರದ ಕಡೆಯ ಹೆಣ್ಣು ಗೊತ್ತು ಮಾಡಿದ ನಮ್ಮ ಸೋದರಮಾವ, ಹುಡುಗ ಏನು ಮಾಡುತ್ತಾನೆ ಅಂದದ್ದಕ್ಕೆ, "ಊರಿಗೆ ಬೆಳಕು ಕೊಡ್ತಾನ" ಅಂದುಬಿಟ್ಟಿದ್ದ. ಹೆಣ್ಣಿನ ತಂದೆ ಹೇಳದೆ ಕೇಳದೆ, ಮಾವನನ್ನೂ ಕರೆದುಕೊಂಡು ಮಿಲ್ಲಿಗೇ ಬಂದರು. ನಾನು ಮೊಣಕಾಲುಮಟ ಕಸದಲ್ಲಿ, ತಲೆತುಂಬ ಬೂದಿ. ಅವರು ಮಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಊರಿಗೆಲ್ಲಾ ಕೊಟ್ಟು, ತನಗ ಸ್ವಲ್ಪನೂ ಇಟ್ಕೊಂಡಿಲ್ಲಲ್ರಿ?"

ಆದರೂ ಹೆಣ್ಣು ಕೊಟ್ಟರು. ಜೊತೆಗೆ ಹನ್ನೆರಡು ಸಾಬೂನು.

ದಾರೋಗಾ ಸಾಹೇಬರ ಫೇರಿ

ಊರ ಸ್ವಚ್ಛತೆ ನೋಡಿಕೊಳ್ಳುವ ಸಫಾಯಿ ದಾರೋಗಾ ಅಂದರೆ ಎಲ್ಲರಿಗೂ ನಡುಕ. ಶೇರ್ವಾನಿ, ಕೆಂಪು ಟೋಪಿ, ಕೈಯಲ್ಲಿ ಬೆತ್ತ. ಬೀದಿಗೆ ಕಸ ಎಸೆದವರನ್ನು ಮನೆಬಾಗಿಲಿಗೇ ಹೋಗಿ ಬೈಯುತ್ತಿದ್ದರು.

ಆದರೆ ಶೇಂಗಾ ಸಿಪ್ಪೆ, ತೊಗರಿ ಕಟ್ಟಿಗೆ ನಮ್ಮ ಭಟ್ಟಿಯಲ್ಲಿ ಚೆನ್ನಾಗಿ ಉರಿಯುತ್ತದೆಂಬ ಸುದ್ದಿ ಹಬ್ಬಿತು. ಮಿಲ್ಲಿನ ಒಲೆಗೆ ಆಗುವುದು ನಮ್ಮ ಒಲೆಗೆ ಆಗುವುದಿಲ್ಲವೇ ಎಂದು ಹೆಂಗಸರು ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಂಡರು. ಬೀದಿ ಥಳಥಳ, ಬಂಡಿ ಖಾಲಿ. ಅಂಥದರಲ್ಲಿ ಅಂದೇ ಸಂಜೆ ಹೈದರಾಬಾದಿನಿಂದ ದೊಡ್ಡ ಅಧಿಕಾರಿ ದೀಪ ನೋಡಲು ಬರುವವರಿದ್ದರು.

ದಾರೋಗಾ ಬೆತ್ತ ಬಿಟ್ಟು, ಬುಟ್ಟಿ ಹಿಡಿದು ಹೊರಟರು. ಹಿಂದೆ ನಾನು. ಮೊದಲ ಬಾಗಿಲಲ್ಲಿ ನಿಂತು, ಟೋಪಿ ತೆಗೆದು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಕರೆದರು:

"ತಾಯಿ, ಸ್ವಲ್ಪ ಕಸ ಇದ್ರ ಹಾಕ್ರಿ."

ಒಳಗಿನಿಂದ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೆಣ್ಣುಮಗಳೊಬ್ಬಳು ಹೇಳಿದಳು:

"ಇನ್ನೂ ಕಸ ಹೊಡದಿಲ್ಲಪಾ. ಮುಂದಿನ ಮನಿಗೆ ಹೋಗು."