ರಸಮಟ್ಟದ ಗುಳ್ಳೆ

ಸುಳ್ಳು ಹೇಳುವವನಿಗೆ ಜ್ಞಾಪಕಶಕ್ತಿ ಬೇಕು ಎನ್ನುತ್ತಾರೆ. ಕೇಕಣ್ಣನಿಗೆ ಅದಕ್ಕಿಂತ ತುರ್ತಾಗಿ ಬೇಕಾದದ್ದು ಹತ್ತೊಂಬತ್ತನೇ ನಂಬರಿನ ಸ್ಪ್ಯಾನರು.

ಅವನ ಹೆಂಡತಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ಅವನ್ನು ಪಿಕಪ್ ಗಾಡಿಯಲ್ಲಿ ತಲುಪಿಸುವುದು ಇವನ ಕೆಲಸ. ಬೀದಿಯವರು ಇವನ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಶುಕ್ರವಾರ ಸಂಜೆ ಒಂದು ಹುಟ್ಟುಹಬ್ಬದ ಕೇಕು ಹೊತ್ತು ಹೋಗುತ್ತಿದ್ದಾಗ, ಅಂಗಡಿಯೊಂದರ ಟಿವಿಯಲ್ಲಿ ಪಂದ್ಯದ ಸ್ಕೋರು ಎಷ್ಟಾಯಿತೆಂದು ಕತ್ತು ಹೊರಳಿಸಿ ನೋಡಿದ. ಮತ್ತೆ ಮುಂದೆ ನೋಡುವಷ್ಟರಲ್ಲಿ ರಸ್ತೆಯ ಹಂಪು ಎದುರಿಗೇ ಬಂದಿತ್ತು. ಬ್ರೇಕು ತುಳಿದ. ಗಾಡಿ ನಿಂತಿತು, ಕೇಕು ನಿಲ್ಲಲಿಲ್ಲ.

ಹೆಂಡತಿಯ ಮುಂದೆ ನಿಂತಾಗ ಸ್ಕೋರಿನ ವಿಷಯ ಹೇಳಲು ಬಾಯಿ ಬರಲಿಲ್ಲ. "ಗಾಡಿಯ ಹಿಂಬದಿ ಎತ್ತರ ಕಣೇ. ಕೇಕು ತನ್ನಷ್ಟಕ್ಕೆ ತಾನೇ ಮುಂದಕ್ಕೆ ಜಾರುತ್ತೆ. ನಾನೇನು ಮಾಡ್ಲಿ ಹೇಳು," ಎಂದುಬಿಟ್ಟ.

"ಹಾಗಿದ್ರೆ ಇಳಿಸಿ," ಎಂದಳು ಅವಳು, ಕೈಯಲ್ಲಿದ್ದ ಹಿಟ್ಟಿನ ಜರಡಿಯನ್ನು ಕೆಳಗಿಡದೆ. "ನಾಳೆ ನಾಲ್ಕು ಗಂಟೆಗೆ ಹೆಡ್ ಮಿಸ್ ರಿಟೈರ್‌ಮೆಂಟಿನ ಕೇಕು ಶಾಲೆ ತಲುಪಬೇಕು. ಮೂರಂತಸ್ತಿನದು. ಅದೂ ಜಾರಿದ್ರೆ ನಾನು ನನ್ನ ತಮ್ಮನ ವ್ಯಾನಿಗೆ ಹೇಳ್ತೀನಿ. ನೀವು ಮನೇಲಿದ್ದು ಟ್ರೇ ತೊಳ್ಕೊಂಡಿರಿ."

ಈ ಭೂಮಿಯ ಮೇಲೆ ಯಾರೂ ಕೇಕಣ್ಣನಿಗೆ ಬುದ್ಧಿ ಹೇಳದಿದ್ದ ಜಾಗ ಒಂದೇ ಒಂದು, ಅದು ಆ ಗಾಡಿಯ ಸ್ಟೀರಿಂಗಿನ ಹಿಂದಿನ ಸೀಟು. ಅದನ್ನು ಬಿಟ್ಟುಕೊಡುವುದುಂಟೇ? ಮರುದಿನ ಬೆಳಿಗ್ಗೆ ಜಾಕು, ಮರದ ದಿಮ್ಮಿಗಳು, ಸ್ಪ್ಯಾನರು ಎಲ್ಲ ಹರಡಿಕೊಂಡು, ಅಂಗಳದಲ್ಲಿ ಗೇಟಿಗೆ ಮುಖಮಾಡಿ ನಿಂತಿದ್ದ ಗಾಡಿಯ ಹಿಂದೆ ಕೂತ. ನಿಜಕ್ಕೂ ಏನನ್ನೂ ಬಿಚ್ಚುವ ಯೋಚನೆ ಇರಲಿಲ್ಲ. ಒಂದಿಷ್ಟು ಟಣಟಣ ಸದ್ದು ಮಾಡಿ, ಮುಖಕ್ಕೆ ಗ್ರೀಸು ಬಳಿದುಕೊಂಡು ಎದ್ದರಾಯಿತು ಎಂದುಕೊಂಡಿದ್ದ.

ಆದರೆ ಸದ್ದು ಹೆಂಡತಿಗೆ ಕೇಳುವ ಮೊದಲೇ ನೆರೆಹೊರೆಗೆ ಕೇಳಿತು.

ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್. ಬೀದಿಗೆಲ್ಲ ತಾತ. "ನಲವತ್ತು ವರ್ಷ ಬಸ್ಸು ಓಡಿಸಿದೀನಿ ಕಣಯ್ಯಾ," ಎನ್ನುತ್ತ ಕುರ್ಚಿಯನ್ನು ತಾವೇ ತಂದುಕೊಂಡು ಕೂತರು. ಅವರ ಹಿಂದೆಯೇ ಹಿಂದಿನ ಮನೆಯ ಗಾರೆ ಮೇಸ್ತ್ರಿ, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ರಸಮಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಕೊನೆಗೆ ಭಾವಮೈದ. ವ್ಯಾನನ್ನು ತೊಳೆದು ಒರೆಸಿ ಫಳಫಳ ಹೊಳೆಯುವ ಹಾಗೆ ಮಾಡಿ ಗೇಟಿನ ಎದುರಿಗೇ ನಿಲ್ಲಿಸಿದ್ದ.

"ಸಹಾಯಕ್ಕೆ ಬಂದೆ ಭಾವ. ಬೇರೆ ಏನಿಲ್ಲ," ಎಂದ.

"ಮೊದಲು ಎಷ್ಟು ಎತ್ತರ ಇದೆ ನೋಡಬೇಕಲ್ಲ. ಮೇಸ್ತ್ರಿ, ನಿನ್ನ ರಸಮಟ್ಟ ಇಡು," ಎಂದರು ತಾತ.

ಮಟ್ಟ ಸರಿಯಾಗಿದೆ ಎಂದು ಗೊತ್ತಾದರೆ ಕೇಕಣ್ಣನ ಬಂಡವಾಳ ಬಯಲು. ಮೇಸ್ತ್ರಿ ಗಾಡಿಯ ಹಿಂದಿನ ತಗಡಿನ ನೆಲದ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಲ್ಲದೆ ಹಿಂಬದಿಗೆ ಓಡಿತು.

"ಹಿಂದೆ ಎತ್ತರ ಇದೆ. ಮೋಸ ಇಲ್ಲ. ನಾಲ್ಕು ಬೆರಳು," ಎಂದ ಮೇಸ್ತ್ರಿ.

ಕೇಕಣ್ಣ ತಾನೇ ಬಗ್ಗಿ ನೋಡಿದ. ಗುಳ್ಳೆ ಹಿಂದೆಯೇ ಇತ್ತು. ಬಾಯಿಗೆ ಬಂದದ್ದನ್ನು ಹೇಳಿದರೆ ಅದೇ ನಿಜವಾಗಿ ಕೂತಿದೆಯಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ಗೌರವ ಹುಟ್ಟಿತು. ಬಾಗಿಲಿಗೆ ಬಂದ ಹೆಂಡತಿಯ ಕಡೆ ತಿರುಗಿ, "ನೋಡು, ನಾನು ಸುಮ್ಮನೆ ಹೇಳಿದ್ನಾ?" ಎಂದ. ಅವಳ ಮುಖ ಮೆತ್ತಗಾಯಿತು. ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು. ಚಹಾ ಬಂದ ಮೇಲೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ.

ಇನ್ನು ಟಣಟಣ ಸದ್ದಿನಲ್ಲಿ ಮುಗಿಯುವ ಮಾತಲ್ಲ, ಬಿಚ್ಚಲೇಬೇಕು. ಗಾಡಿಯ ಹಿಂಬದಿಯ ಭಾರ ಹೊರುವುದು ಕಮಾನು ಪಟ್ಟಿಗಳು. ಎರಡೂ ಕಡೆ ಐದೈದು ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಒಂದೆರಡು ತೆಗೆದರೆ ಹಿಂಬದಿ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಬೋಲ್ಟುಗಳು ಮಾತ್ರ ತುಕ್ಕು ಹಿಡಿದು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿದ್ದವು.

"ಎಣ್ಣೆ ಬಿಡಯ್ಯಾ, ತಾನಾಗೇ ಬರುತ್ತೆ," ಎಂದರು ತಾತ.

ಭಾವಮೈದ ಅಡುಗೆಮನೆಗೆ ಓಡಿ ಒಂದು ಬಾಟಲಿ ತಂದು ಧಾರಾಳವಾಗಿ ಸುರಿದ. ಬೋಲ್ಟು ಸಡಿಲವಾಗುವ ಬದಲು ಇನ್ನಷ್ಟು ಅಂಟಿತು. ಐದು ನಿಮಿಷದ ಮೇಲೆ ಒಳಗಿನಿಂದ ಪ್ರಶ್ನೆ ಬಂತು.

"ಕೇಕಿಗೆ ಸವರೋ ಸಕ್ಕರೆ ಪಾಕ ಇಲ್ಲಿಟ್ಟಿದ್ದೆ, ಯಾರು ತಗೊಂಡ್ರಿ?"

ಉತ್ತರ ಕೊಟ್ಟವು ಇರುವೆಗಳು. ಗೋಡೆಯ ಬುಡದಿಂದ ಸಾಲು ಹಿಡಿದು ಹೊರಟು, ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಕೇಕಣ್ಣನ ತೋಳಿನ ಮೇಲೆಯೇ ಹಾದು ಬೋಲ್ಟು ತಲುಪಿದವು. ಅವನ ಎರಡೂ ಕೈ ಸ್ಪ್ಯಾನರಿನಲ್ಲಿ ಇದ್ದುದರಿಂದ ತುರಿಸಿಕೊಳ್ಳಲು ತಾತನನ್ನು ಕೇಳಬೇಕಾಯಿತು. ತಾತ ಊರುಗೋಲಿನ ತುದಿಯಿಂದ ತುರಿಸಿದರು, ಬೇರೆ ಜಾಗದಲ್ಲಿ.

ಕೊನೆಗೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೂವರೂ ಜೋತುಬಿದ್ದ ಮೇಲೆ ಬೋಲ್ಟು ಕಿರ್ರೆಂದು ಸೋಲೊಪ್ಪಿಕೊಂಡಿತು. ಅಷ್ಟರಲ್ಲಿ ಹನ್ನೆರಡು ಗಂಟೆ. ಎಡಗಡೆ ಎರಡು ಪಟ್ಟಿ ತೆಗೆದರು. ಬಲಗಡೆಯದನ್ನು ಎಣಿಸುವ ಹೊಣೆ ತಾತ ಹೊತ್ತರು, ಅಲ್ಲಿ ಮೂರು ಹೊರಬಂದವು. ಜಾಕು ಇಳಿಸಿದಾಗ ಗಾಡಿ ಒಂದು ಕಾಲು ಗಿಡ್ಡವಾದ ಮಂಚದ ಹಾಗೆ ವಾಲಿಕೊಂಡಿತು.

"ತಾತ, ನಲವತ್ತು ವರ್ಷದಲ್ಲಿ ಒಂದು ಸಲನಾದ್ರೂ ಬಸ್ಸಿನ ಕೆಳಗೆ ಇಣುಕಿದೀರಾ?" ಎಂದು ಕೇಳಿದ ಕೇಕಣ್ಣ.

"ನಾನು ಡ್ರೈವರು ಕಣಯ್ಯಾ. ಕೆಳಗೆ ಇಣುಕೋದು ಮೆಕ್ಯಾನಿಕ್ಕು," ಎಂದರು ತಾತ, ಸ್ವಲ್ಪವೂ ವಿಚಲಿತರಾಗದೆ.

ಮತ್ತೆ ಜಾಕು, ಮತ್ತೆ ದಿಮ್ಮಿ, ಮತ್ತೆ ಇರುವೆ. ಎರಡೂ ಕಡೆ ಮೂರು ಮೂರು ಪಟ್ಟಿ ಉಳಿಸಿ ಬೋಲ್ಟು ಬಿಗಿದಾಗ ಮೂರು ಗಂಟೆಗೆ ಹತ್ತು ನಿಮಿಷ. ಮೇಸ್ತ್ರಿ ರಸಮಟ್ಟ ಇಟ್ಟ. ನಾಲ್ವರೂ ಉಸಿರು ಬಿಗಿಹಿಡಿದು ಬಗ್ಗಿದರು. ಗುಳ್ಳೆ ಅತ್ತ ಇತ್ತ ತೂಗಿ, ಎರಡು ಗೆರೆಗಳ ನಟ್ಟನಡುವೆ ಬಂದು ನಿಂತಿತು. ಕೇಕಣ್ಣನ ಕಣ್ಣಲ್ಲಿ ನೀರು ಬಂತು. ಭಾವಮೈದ ಮಾತ್ರ ಆಕಾಶ ನೋಡುತ್ತ, "ಚೆನ್ನಾಗಿದೆ ಭಾವ," ಎಂದ.

ಮೂರಂತಸ್ತಿನ ಕೇಕನ್ನು ನಾಲ್ವರೂ ಸೇರಿ ಹೊತ್ತು ತಂದು ಗಾಡಿಯಲ್ಲಿ ಇಟ್ಟರು. ಅದು ಕಟ್ಟಿದ ಮನೆಯಂತೆ ನೆಟ್ಟಗೆ ಕೂತಿತು. ಹೆಂಡತಿ ಕೈ ಒರೆಸಿಕೊಂಡು ಮುಂದಿನ ಸೀಟಿಗೆ ಹತ್ತಿದಳು. "ನಾನೂ ಬರ್ತೀನಿ. ನೀವು ಹೇಗೆ ಓಡಿಸ್ತೀರಿ ನೋಡ್ಬೇಕು."

ಆ ದಿನ ಕೇಕಣ್ಣ ಓಡಿಸಿದಷ್ಟು ನಯವಾಗಿ ಯಾರೂ ಗಾಡಿ ಓಡಿಸಿರಲಾರರು. ಸೈಕಲ್ಲಿನವರು ಹಿಂದಿನಿಂದ ಬಂದು ದಾಟಿಕೊಂಡು ಹೋದರು. ಟಿವಿ ಇದ್ದ ಅಂಗಡಿ ಬಂದಾಗ ಅವನು ಕತ್ತನ್ನು ಕಂಬದ ಹಾಗೆ ಬಿಗಿ ಹಿಡಿದಿದ್ದ. ಹಂಪು ಹತ್ತುವಾಗ ಬ್ರೇಕು ಹಾಕುವ ಅಗತ್ಯವೇ ಬೀಳಲಿಲ್ಲ, ಅಷ್ಟು ನಿಧಾನ. ಹೆಂಡತಿ ಬಾಯಿಬಿಟ್ಟೇ ಹೇಳಿದಳು, "ಪರವಾಗಿಲ್ಲ ರೀ, ನಾನು ಸುಮ್ನೆ ನಿಮ್ಮನ್ನ ಅನುಮಾನಿಸಿದೆ." ಹತ್ತು ವರ್ಷದಲ್ಲಿ ಅಂಥ ಮಾತು ಕೇಳಿರದ ಕೇಕಣ್ಣ ಹಿಗ್ಗಿ ಹೀರೇಕಾಯಿಯಾದ.

ಶಾಲೆಯ ಬಾಗಿಲಲ್ಲಿ ಹೆಡ್ ಮಿಸ್, ಟೀಚರುಗಳು ಎಲ್ಲರೂ ಕಾಯುತ್ತಿದ್ದರು. ಕೇಕಣ್ಣ ಗತ್ತಿನಿಂದ ಇಳಿದು ಗಾಡಿಯ ಹಿಂಬಾಗಿಲು ತೆರೆದ. ಬಾಗಿಲಿಗೇ ಒರಗಿ ನಿಂತಿದ್ದ ಮೇಲಿನ ಎರಡು ಅಂತಸ್ತು ಅವನ ತೋಳಿಗೆ ಬಂದು ಬಿದ್ದವು.

ಹೆಡ್ ಮಿಸ್ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಅಂತಸ್ತನ್ನು ನೋಡಿದರು. "ಇರಲಿ ಬಿಡಮ್ಮ. ಅಡಿಪಾಯ ಗಟ್ಟಿಯಾಗಿದೆಯಲ್ಲ, ಅದನ್ನೇ ಕತ್ತರಿಸೋಣ," ಎಂದರು. ಒಳ್ಳೆಯ ಹೆಂಗಸು. ಹೆಂಡತಿಗೆ ಅಳು ತಡೆಯುವುದೇ ಕಷ್ಟವಾಯಿತು.

ಆದರೂ ಮನೆಗೆ ಬಂದವಳು ಗಂಡನ ಪರವಾಗಿಯೇ ಮಾತಾಡಿದಳು. ಅಂಗಳದಲ್ಲಿ ಮೂವರೂ ಫಲಿತಾಂಶಕ್ಕೆ ಕಾದು ಕೂತಿದ್ದರು. "ಇವರದ್ದೇನೂ ತಪ್ಪಿಲ್ಲ. ನಾನೇ ಪಕ್ಕದಲ್ಲಿದ್ದೆ. ಒಂದು ಸಲ ಕೂಡ ಬ್ರೇಕು ಹಾಕಿಲ್ಲ. ಆದ್ರೂ ಕೇಕು ಹಿಂದಕ್ಕೆ ಜಾರಿದೆ. ಮೇಸ್ತ್ರಿ, ನಿಮ್ಮ ರಸಮಟ್ಟ ಕೆಟ್ಟಿದೆ."

ಮೇಸ್ತ್ರಿಗೆ ರೋಷ ಬಂತು. ಮತ್ತೆ ಗೇಟಿಗೆ ಮುಖಮಾಡಿ ಅದೇ ಜಾಗದಲ್ಲಿ ನಿಂತಿದ್ದ ಗಾಡಿಯ ಮೇಲೆ ಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ. "ಇದರಲ್ಲಿ ಏನು ಕೆಟ್ಟಿದೆ? ರಸ್ತೇಲಿ ಹಿಂದೆ ತಗ್ಗಾಗಿದ್ರೆ ನಾನೇನು ಮಾಡ್ಲಿ. ರಸ್ತೆ ಮಟ್ಟವಾಗಿರುತ್ತೆ, ನಿಮ್ಮ ಅಂಗಳ ಇಳಿಜಾರು."

"ಏನಂದೆ?" ಎಂದ ಕೇಕಣ್ಣ.

"ಅಂಗಳ ಇಳಿಜಾರು ಅಂದೆ. ನಿಮಗಿಂತ ಮುಂಚೆ ಇದ್ದವರಿಗೆ ನಾನೇ ಹಾಕಿಕೊಟ್ಟಿದ್ದು. ಗೇಟಿನ ಕಡೆಗೆ ಸರಿಯಾಗಿ ನಾಲ್ಕು ಬೆರಳು ಇಳಿಸಿದೀನಿ. ಹನ್ನೆರಡು ವರ್ಷ ಆಯ್ತು, ಒಂದು ತೊಟ್ಟು ನೀರು ನಿಂತಿದೆಯಾ ಕೇಳಿ."

"ಅದನ್ನ ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಗಾಡಿ ಮಟ್ಟ ನೋಡು ಅಂದ್ರಿ, ನೋಡಿದೆ. ನೆಲದ ಮಟ್ಟ ಯಾರು ಕೇಳಿದ್ರು?"

ಕೇಕಣ್ಣನಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು ದೊಡ್ಡ ಭಾರ ಇಳಿದಂತೆ ಖುಷಿಯಾಯಿತು. ತಪ್ಪು ತನ್ನದಲ್ಲ, ಮೇಸ್ತ್ರಿಯದು. ನಾಲ್ಕು ಜನರ ಮುಂದೆ ಸಾಬೀತಾಗಿದೆ. ಹೆಂಡತಿಯ ಕಡೆ ತಿರುಗಿ ಗೆದ್ದವನಂತೆ ಹೇಳಿದ, "ಕೇಳಿದ್ಯಲ್ಲ? ಗಾಡೀಲಿ ಏನೂ ದೋಷ ಇರಲೇ ಇಲ್ಲ. ಮೊದಲಿಂದಲೂ ಮಟ್ಟವಾಗಿಯೇ ಇತ್ತು."

ಹೆಂಡತಿ ಅವನನ್ನೇ ನೋಡಿದಳು. "ಮೊದಲಿಂದಲೂ ಮಟ್ಟವಾಗಿತ್ತಾ?"

"ಮತ್ತಿನ್ನೇನು."

"ಹಾಗಿದ್ರೆ ನಿನ್ನೆ ಕೇಕು ಹೇಗೆ ಜಾರ್ತು?"

ತಾತ ಕುರ್ಚಿ ಎತ್ತಿಕೊಂಡು ಹೊರಟರು. ಮೇಸ್ತ್ರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಭಾವಮೈದ ಮಾತ್ರ ಕದಲದೆ ವ್ಯಾನಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. ಪಂದ್ಯ, ಟಿವಿ, ಹಂಪು, ಎಲ್ಲವೂ ಕೇಕಣ್ಣನ ಬಾಯಿಂದ ಒಂದೊಂದಾಗಿ ಹೊರಬಂದವು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಹೆಂಡತಿ. "ನೀವು ನೋಡಿ, ನೆಲ ನಿಜವಾಗ್ಲೂ ಡೊಂಕಿದ್ರೂ ಗಾಡಿ ಡೊಂಕು ಅಂದ್ರಿ."

"ನಾಳೆನೇ ಪಟ್ಟಿಗಳನ್ನ ವಾಪಸ್ ಹಾಕಿಬಿಡ್ತೀನಿ," ಎಂದ ಕೇಕಣ್ಣ ಕ್ಷೀಣವಾಗಿ.

"ಮುಟ್ಟಬೇಡಿ. ಕೇಕು ಜೋಡಿಸೋಕೆ ಇಡೀ ಮನೇಲಿ ನೆಟ್ಟಗಿರೋ ಜಾಗ ಒಂದೂ ಇರಲಿಲ್ಲ. ಈಗ ಸಿಕ್ತು."

ಸೋಮವಾರದಿಂದ ಅವಳು ಗಾಡಿಯ ಹಿಂಬದಿಯಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಕೇಕಿಗೆ ಕ್ರೀಮು ಹಚ್ಚತೊಡಗಿದಳು. ಭಾವಮೈದ ಅವನ್ನು ವ್ಯಾನಿನಲ್ಲಿ ಒಯ್ಯುತ್ತಿದ್ದ. ಕೇಕಣ್ಣ ಗಾಡಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಟ್ರೇ ತೊಳೆಯುತ್ತಿದ್ದ. ಮೇಸ್ತ್ರಿ ಹೇಳಿದ್ದು ನಿಜ, ತೊಳೆದ ನೀರು ಒಂದು ತೊಟ್ಟೂ ನಿಲ್ಲದೆ ಗೇಟಿನ ಕಡೆ ಹರಿದುಹೋಗುತ್ತಿತ್ತು.